ಎಡಗಡೆ ಹೊಳಪು, ಬಲಗಡೆ ಕಪ್ಪು

ಮಗಳನ್ನು ಕೊಡುವಾಗ ಮಾವನವರು ಕಿರಿಯಳಿಯನನ್ನು ಕೇಳಿದ್ದು ಒಂದೇ ಪ್ರಶ್ನೆ: ಊಟದಲ್ಲಿ ಏನಾದರೂ ಪಥ್ಯ ಇದೆಯೇ ಎಂದು. ಇಲ್ಲ ಎಂದಮೇಲೆ ಮದುವೆ ನಡೆದುಹೋಯಿತು. ಕಾರಿನ ವಿಷಯದಲ್ಲಿ ಮಾತ್ರ ಅವರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಕಡುಹಸಿರು ಬಣ್ಣದ ಆ ಹಳೆಯ ಕಾರಿನ ಬಾಗಿಲನ್ನು ಯಾರಾದರೂ ಜೋರಾಗಿ ಹಾಕಿದರೆ, ತಮ್ಮ ಬೆರಳೇ ಸಿಕ್ಕಿಕೊಂಡಂತೆ ಮುಖ ಕಿವುಚುತ್ತಿದ್ದರು. ಕೀಲಿ ಸದಾ ಅಂಗಿಯ ಜೇಬಿನಲ್ಲಿ. ಅಳಿಯಂದಿರು ಇಬ್ಬರೂ ಆ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು, ಮೊಣಕಾಲು ಕೂಡಿಸಿಕೊಂಡು, ಬೆಳೆದ ಮಕ್ಕಳ ಹಾಗೆ ಪ್ರಯಾಣ ಮಾಡಿದವರೇ.

ಈಗ ಕಣ್ಣಿನ ಡಾಕ್ಟರು, ಇನ್ನು ಗಾಡಿ ಓಡಿಸುವುದು ಸಾಕು ಎಂದುಬಿಟ್ಟರು. ಮಾವನವರು ಸಿಟ್ಟಾಗಲಿಲ್ಲ, ವಾದ ಮಾಡಲಿಲ್ಲ. ಮನೆಗೆ ಬಂದು ಕೀಲಿಯನ್ನು ಮೇಜಿನ ಮೇಲಿಟ್ಟು, ಅದರ ಮುಂದೆ ಕೂತು ಯೋಚಿಸತೊಡಗಿದರು. ಯೋಚನೆ ಕಾರು ಹೋಯಿತಲ್ಲಾ ಎಂದಲ್ಲ. ಹೇಗೆ ಹಂಚುವುದು ಎಂದು.

ಅವರು ಸರ್ವೆ ಇಲಾಖೆಯಲ್ಲಿ ಜಮೀನು ಅಳೆದು ಅಳೆದು ನಿವೃತ್ತರಾದವರು. ಗೇಣುದ್ದದ ಬದುವಿಗಾಗಿ ಅಣ್ಣತಮ್ಮಂದಿರು ಮುಖ ನೋಡದೆ ಮುದುಕರಾದದ್ದನ್ನು ಕಂಡವರು. ಹಾಗಾಗಿ ತಮ್ಮಿಬ್ಬರು ಹೆಣ್ಣುಮಕ್ಕಳ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಬರಬಾರದೆಂಬುದು ಅವರ ವ್ರತ. ಶಾಲೆಗೆ ಒಂದೇ ರಬ್ಬರ್ ತಂದರೆ ಸ್ಕೇಲಿಟ್ಟು ಎರಡು ತುಂಡು ಮಾಡುತ್ತಿದ್ದರು. ಒಬ್ಬಳಿಗೆ ಕೆಮ್ಮು ಬಂದರೆ ಇನ್ನೊಬ್ಬಳಿಗೂ ಒಂದು ಚಮಚ ಔಷಧಿ ಕುಡಿಸುತ್ತಿದ್ದರು ಎಂದು ಅತ್ತೆ ಹೇಳುತ್ತಾರೆ. ಅದರಲ್ಲಿ ಉಪ್ಪುಖಾರ ಎಷ್ಟೋ ಗೊತ್ತಿಲ್ಲ, ಆದರೆ ನಂಬದಿರುವುದಕ್ಕೂ ಕಾರಣವಿಲ್ಲ. ಕಾರನ್ನು ಮಾತ್ರ ಸ್ಕೇಲಿಟ್ಟು ಕೊಯ್ಯಲಾಗುವುದಿಲ್ಲ.

ಕೊನೆಗೆ ಇಬ್ಬರು ಅಳಿಯಂದಿರಿಗೂ ಫೋನು ಬಂತು. ಹೇಳಿದ ಮಾತೂ ಒಂದೇ, ಅಕ್ಷರಶಃ.

"ಭಾನುವಾರ ಬನ್ನಿ ಅಳಿಯಂದ್ರೇ. ಕಾರು ತೊಳೀಬೇಕು. ಯಾರ ಕೈ ಕಾರಿಗೆ ಹೊಂದುತ್ತೋ ಕಾರು ಅವರ ಮನೆಗೆ."

ಕಿರಿಯಳಿಯ ಈ ಸುದ್ದಿ ಹೇಳಿದಾಗ ಅವನ ಹೆಂಡತಿ ಒಲೆಯ ಮುಂದಿದ್ದಳು. ಉರಿ ಸಣ್ಣ ಮಾಡಿದಳು. ಮತ್ತೆ ಪೂರ್ತಿ ಆರಿಸಿದಳು.

"ಅಕ್ಕನ ಮನೆಗೆ ಹೋದ್ರೂ ಪರವಾಗಿಲ್ಲ ಬಿಡಿ," ಎಂದಳು.

ಆ ಪರವಾಗಿಲ್ಲವನ್ನು ಅವನು ಬಲ್ಲ. ಅವರ ಸಂಸಾರದಲ್ಲಿ ಆ ಪದ ಬಂದಾಗಲೆಲ್ಲ ಏನೋ ಒಂದು ಪರವಾ ಇದ್ದೇ ಇರುತ್ತಿತ್ತು. ಅವಳು ಗಾಡಿ ಕಲಿತದ್ದು ಆ ಕಾರಿನಲ್ಲಿ, ಅಪ್ಪನ ಪಕ್ಕ ಕೂತು. ಗೇರಿನ ಹಿಡಿ ಎಲ್ಲಿ ಸ್ವಲ್ಪ ತಡೆಯುತ್ತದೆ, ಯಾವ ಕಿಟಕಿಗೆ ಒಂದು ಗುದ್ದು ಕೊಡಬೇಕು ಎಂದು ಅವಳ ಕೈಗೆ ಗೊತ್ತು. ಅವಳ ಅಕ್ಕನಿಗೆ ಸೈಕಲ್ಲೂ ಬಾರದು.

"ನೀನೇ ಕೇಳಬಾರದಾ ಮಾವನನ್ನ?" ಎಂದ.

"ಕೇಳಿದ್ರೆ ಅಕ್ಕನ ಬಾಯಿಂದ ಕಸ್ಕೊಂಡ ಹಾಗಾಗುತ್ತೆ. ಅಪ್ಪ ಕರೆದಿರೋದು ಅಳಿಯಂದಿರನ್ನ. ನೀವು ಹೋಗಿ ತೊಳೀರಿ."

ಅಂದಿನಿಂದ ಅವನ ತಲೆಯಲ್ಲಿ ಒಂದೇ ಮಾತು: ಕಾರು ಹೆಂಡತಿಗೆ ಸಿಗಬೇಕು. ಅವನಿಗೆ ತೊಳೆಯುವುದರ ಬಗ್ಗೆ ಭಯವಿರಲಿಲ್ಲ. ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ದಿನವಿಡೀ ಲೇಪನಗಳು ಒಣಗುವುದನ್ನು ನೋಡುವುದೇ ಉದ್ಯೋಗ. ಬೇರೆಯವರು ನೋಡಿದರೆ ಆಕಳಿಸುವಂಥ ಆ ಕೆಲಸ ಅವನಿಗೆ ಅನ್ನ ಕೊಡುತ್ತಿತ್ತು. ಮೈ ತೊಳೆಯುವುದು, ಗಾಜು ಒರೆಸುವುದು ಯಾರು ಮಾಡಿದರೂ ಒಂದೇ. ಗೆಲುವು ಸೋಲು ನಿಲ್ಲುವುದು ಟೈರಿನಲ್ಲಿ ಎಂದು ಅವನಿಗೆ ಖಚಿತವಾಗಿತ್ತು. ಮೈಗೆ ಎಷ್ಟೇ ಹೊಳಪು ಬರಿಸಿದರೂ ಟೈರು ಮಾಸಲಾಗಿದ್ದರೆ, ಹೊಸ ಅಂಗಿಯ ಕೆಳಗೆ ಹರಿದ ಚಪ್ಪಲಿ ಹಾಕಿದ ಹಾಗೆ.

ಬಿಡಿಭಾಗಗಳ ಅಂಗಡಿಯಲ್ಲಿ ಟೈರ್ ಪಾಲಿಶಿನದೇ ಒಂದು ಗೋಡೆಯಿತ್ತು. ಅವನು ಡಬ್ಬಗಳನ್ನು ಒಂದೊಂದಾಗಿ ತೆಗೆದು ಹಿಂಬದಿಯ ಸಣ್ಣ ಅಕ್ಷರ ಓದತೊಡಗಿದ. ಅಂಗಡಿಯವನು ಮೊದಲು ಕಾದ, ಆಮೇಲೆ ಕುರ್ಚಿ ತಂದುಕೊಟ್ಟ.

"ಇದರೊಳಗೆ ಏನಿದೆ?"

"ಹೊಳಪು ಇದೆ ಸಾರ್."

"ಅದು ಸರಿ. ಎಣ್ಣೆ ದ್ರಾವಕದ್ದೋ, ನೀರಿನದ್ದೋ?"

"ನೀರಿಗೆ ಯಾರು ಸಾರ್ ದುಡ್ಡು ಕೊಡ್ತಾರೆ?"

ಕೊನೆಗೆ ಅವನೇ ಎರಡು ಜಾತಿ ಮಾಡಿಕೊಂಡ. ಒಂದು, ತಿಳಿಯಾಗಿ ಅಂಟಂಟಾಗಿ ಇರುವುದು. ಹಚ್ಚಿದರೆ ಟೈರು ಈಗಷ್ಟೇ ಮಳೆಯಲ್ಲಿ ನೆನೆದಂತೆ ಮಿಂಚುತ್ತದೆ. ಇನ್ನೊಂದು, ಹಾಲಿನ ಬಣ್ಣದ್ದು. ಹಚ್ಚಿ ಒಣಗಿದಮೇಲೆ ಮಿಂಚುವುದಿಲ್ಲ, ಟೈರು ಕಾರ್ಖಾನೆಯಿಂದ ಬಂದ ದಿನ ಇದ್ದಂತೆ ತಣ್ಣಗೆ ಕಪ್ಪಾಗುತ್ತದೆ, ಅಷ್ಟೆ. ಎರಡನ್ನೂ ತಂದ.

ಮನೆಯಲ್ಲಿ ಹಳೆಯ ಟೈರಿನ ತುಂಡುಗಳಿಗೆ ಎರಡನ್ನೂ ಹಚ್ಚಿದ. ನೋಡಲು ಮಿಂಚುವುದೇ ಚೆಂದ, ಸುಳ್ಳು ಹೇಳಬಾರದು. ಆದರೆ ಟೈರು ಎಂದರೆ ಗೋಡೆಯ ಮೇಲಿನ ಚಿತ್ರವಲ್ಲ, ತಿರುಗುವ ವಸ್ತು. ತಿರುಗಿದಾಗ ಏನಾಗುತ್ತದೆ ಎಂದು ತಿಳಿಯಬೇಡವೇ? ತುಂಡುಗಳನ್ನು ಟೇಬಲ್ ಫ್ಯಾನಿನ ರೆಕ್ಕೆಗಳಿಗೆ ತಂತಿಯಿಂದ ಬಿಗಿದು ಗುಂಡಿ ಒತ್ತಿದ. ಹಾಲಿನಂಥದ್ದು ಹಚ್ಚಿದ ತುಂಡು ಸುಮ್ಮನೆ ತಿರುಗಿತು. ಎಣ್ಣೆಯದು ಹಚ್ಚಿದ್ದು ಗೋಡೆಯ ತುಂಬ ಸಾಸಿವೆ ಒಗ್ಗರಣೆ ಹಾಕಿದಂತೆ ಕಪ್ಪು ಚುಕ್ಕಿ ಸಿಡಿಸಿತು.

ಹೆಂಡತಿ ಬಾಗಿಲಲ್ಲಿ ನಿಂತು ಗೋಡೆ ನೋಡಿದಳು, ಫ್ಯಾನು ನೋಡಿದಳು, ಗಂಡನ ಕನ್ನಡಕ ನೋಡಿದಳು.

"ಉತ್ತರ ಸಿಕ್ಕಿತಾ?"

"ಸಿಕ್ಕಿತು. ನೀರಿನದ್ದೇ ಸರಿ."

"ಹಾಗಾದ್ರೆ ಆ ಕ್ಯಾಲೆಂಡರ್ ತೆಗೆದು ಈ ಕಡೆ ಹಾಕಿ. ಸಾಲದಿದ್ರೆ ಮುಂದಿನ ವರ್ಷದ್ದೂ ಹಾಕಿ."

ಭಾನುವಾರ ಬೆಳಗ್ಗೆ ಮಾವನವರ ಅಂಗಳಕ್ಕೆ ಹೋದಾಗ ಷಡ್ಡಕ ಆಗಲೇ ಬಂದಿದ್ದ. ಷಡ್ಡಕನೆಂದರೆ ಹೆಂಡತಿಯ ಅಕ್ಕನ ಗಂಡ, ಈ ಮನೆಯ ಹಿರಿಯಳಿಯ. ಫೋಟೊ ಸ್ಟುಡಿಯೊ ಇಟ್ಟವನು. ಬೆಳಕು ಬಿದ್ದದ್ದೇ ಲೋಕ, ಬೀಳದ್ದು ಇಲ್ಲ ಎಂಬುದು ಅವನ ಸಿದ್ಧಾಂತ. ತಲೆಗೆ ಎಣ್ಣೆ, ಬೂಟಿಗೆ ಪಾಲಿಶ್, ಮಾತಿಗೆ ಎರಡೂ.

"ಏನಪ್ಪಾ ವಿಜ್ಞಾನಿ, ಚೀಲ ನೋಡಿದ್ರೆ ಕಾರಿಗೆ ಆಪರೇಶನ್ ಮಾಡೋಕೆ ಬಂದ ಹಾಗಿದೆ," ಎಂದ.

"ಎರಡು ಬ್ರಶ್ಶು, ಎರಡು ಸ್ಪಂಜು, ಅಷ್ಟೇ ಭಾವ."

ಮಾವನವರು ಒಳಗಿನಿಂದ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ದಾರದುಂಡೆ ಹಿಡಿದು ಬಂದರು. ಒಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟು ಕಾರಿನ ಮೂತಿಯ ನಡುಮಧ್ಯೆ ಹಿಡಿಯಲು ಹೇಳಿ, ಇನ್ನೊಂದು ತುದಿಯನ್ನು ಚಾವಣಿಯ ಮೇಲಿಂದ ಎಳೆದು ಡಿಕ್ಕಿಯ ಬೀಗದ ತನಕ ಬಿಗಿದರು. ಒಂದು ಕಣ್ಣು ಮುಚ್ಚಿ ನೋಡಿದರು. ದಾರವನ್ನು ಒಂದು ಅಕ್ಕಿಕಾಳಿನಷ್ಟು ಎಡಕ್ಕೆ ಸರಿಸಿದರು.

"ದಾರದ ಎಡಗಡೆ ಹಿರಿಯಳಿಯಂದಿರದ್ದು. ಬಲಗಡೆ ಕಿರಿಯಳಿಯಂದಿರದ್ದು. ಒಬ್ಬರ ಕಡೆ ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ."

"ಹುಡುಗಿಯರನ್ನ ಕೊಡುವಾಗ ಇಷ್ಟು ಪರೀಕ್ಷೆ ಮಾಡಲಿಲ್ಲ ನೀವು," ಎಂದರು ಅತ್ತೆ, ದಾರ ಬಿಡದೆ.

"ಹುಡುಗಿಯರು ತಮ್ಮನ್ನ ತಾವು ನೋಡ್ಕೋತಾರೆ. ಕಾರು ನೋಡ್ಕೊಳ್ಳುತ್ತಾ?"

ಅಕ್ಕತಂಗಿಯರಿಬ್ಬರೂ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಕಿರಿಯಳಿಯನ ಹೆಂಡತಿ ಕಾರಿನ ಕಡೆಗೆ ನೋಡುತ್ತಲೇ ಇರಲಿಲ್ಲ. ಬೇಕಾದದ್ದನ್ನು ನೋಡದಿರುವುದು ಅವಳ ಅಭ್ಯಾಸ.

ಮೈ, ಗಾಜು ಮುಗಿದವು. ಇಬ್ಬರೂ ಟೈರಿಗೆ ಕೂತರು. ಕಿರಿಯಳಿಯ ಸೋಪು ಹಾಕಿ ತಿಕ್ಕಿದರೆ ನೊರೆ ಬೆಲ್ಲದ ಬಣ್ಣಕ್ಕೆ ಬಂತು. ಬಿಸಿಲಿಗೆ ಬಿರುಕು ಬಿಡದಂತೆ ರಬ್ಬರಿನೊಳಗೆ ಸೇರಿಸುವ ಮದ್ದು ನಿಧಾನವಾಗಿ ಮೇಲೆ ಬಂದು ಹೀಗೆ ಕಂದಾಗುತ್ತದೆ. ಅದರ ಮೇಲೆ ಹಳೆಯ ಪಾಲಿಶು, ಅದರ ಮೇಲೆ ರಸ್ತೆಯ ಕೊಳೆ. ಅದೆಲ್ಲ ಹೋಗದೆ ಹೊಸದು ಕೂರುವುದಿಲ್ಲ. ನೊರೆ ಬೆಳ್ಳಗಾಗುವ ತನಕ ತೊಳೆದ. ಬಟ್ಟೆಯಲ್ಲಿ ಒತ್ತಿ ಒರೆಸಿದ. ಆಮೇಲೆ ಒಣಗಲಿ ಎಂದು ಕೈಕಟ್ಟಿ ಕೂತ.

"ಏನು ಮಾಡ್ತಿದಾರೆ ಅವರು?" ಮಾವನವರು ಅತ್ತೆಯನ್ನು ಕೇಳಿದರು.

"ಟೈರು ನೋಡ್ತಿದಾರೆ."

"ಟೈರು ಏನು ಮಾಡ್ತಿದೆ?"

"ಅದೂ ಸುಮ್ಮನಿದೆ."

ಅಷ್ಟರಲ್ಲಿ ಷಡ್ಡಕ ಎರಡು ಟೈರಿಗೂ ಬಕೆಟ್ ನೀರು ಹೊಯ್ದು, ಮೇಲೆ ಅಂಟಂಟು ಪಾಲಿಶನ್ನು ಗೋಡೆಗೆ ಸುಣ್ಣ ಬಳಿಯುವಂತೆ ಬಳಿದು ಮುಗಿಸಿದ್ದ. ಎಡಗಡೆ ನಿಜಕ್ಕೂ ಝಗಮಗಿಸುತ್ತಿತ್ತು. ಅಷ್ಟಕ್ಕೂ ತೃಪ್ತಿಯಾಗದೆ ಟೈರಿನ ನೆಲಕ್ಕೆ ತಾಗುವ ಪಟ್ಟಿಗೂ ಬ್ರಶ್ ಎಳೆದ; ಕಾರನ್ನು ಒಂದಿಷ್ಟು ಮುಂದೆ ತಳ್ಳಿ ಮಿಕ್ಕಿದ್ದಕ್ಕೂ ಎಳೆದ.

ಕಿರಿಯಳಿಯ ಅದನ್ನು ಕಂಡ. ಹೇಳದಿದ್ದರೆ ತನಗೆ ಲಾಭ. ಹೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ದಾರದ ಆಚೆಗೆ ಕತ್ತು ಚಾಚಿ ಮೆಲ್ಲಗೆ ಹೇಳಿದ:

"ಭಾವ, ನೆಲಕ್ಕೆ ತಾಗೋ ಕಡೆ ಹಚ್ಚಬೇಡಿ. ಜಾರುತ್ತೆ. ಪಕ್ಕದಲ್ಲಿ ಹಚ್ಚಿದ್ದೂ ಜಾಸ್ತಿಯಾಗಿದೆ, ಒಂದು ಬಟ್ಟೆಯಲ್ಲಿ ಒರೆಸಿಬಿಡಿ. ಸಿಡಿಯುತ್ತೆ."

ಷಡ್ಡಕ ಕಣ್ಣು ಮಿಟುಕಿಸಿದ. "ಗೊತ್ತಾಯ್ತು ಗೊತ್ತಾಯ್ತು. ನಾನು ಒರೆಸಬೇಕು, ನೀನು ಗೆಲ್ಲಬೇಕು. ಫೋಟೊ ತೆಗೆಯೋನಿಗೆ ಹಲ್ಲು ಮುಚ್ಚಿ ನಗು ಅಂತೀಯ?"

ಹೇಳಿದ ಪುಣ್ಯ ಬಂತು ಎಂದುಕೊಂಡು ಕಿರಿಯಳಿಯ ತನ್ನ ಟೈರಿಗೆ ಮರಳಿದ. ಹಾಲಿನಂಥ ಪಾಲಿಶನ್ನು ಸ್ಪಂಜಿಗೆ ಸ್ವಲ್ಪವೇ ಹಾಕಿ, ಅಕ್ಷರಗಳ ಸಂದಿಗೂ ಹೋಗುವಂತೆ ಸುತ್ತಲೂ ತೀಡಿದ. ತೆಳ್ಳಗೆ ಒಂದು ಸಲ, ಒಣಗಿದಮೇಲೆ ಮತ್ತೊಂದು ಸಲ, ಕೊನೆಗೆ ಉಳಿದದ್ದನ್ನು ಒರೆಸಿ ತೆಗೆದ. ಟೈರು ಶಾಲೆಯ ಹೊಸ ಕರಿಹಲಗೆಯಂತೆ ಕಪ್ಪಾಗಿ, ಗಂಭೀರವಾಗಿ ನಿಂತಿತು. ಹಿಂದಿನ ಟೈರಿನಲ್ಲಿ ಒಂದು ಅಂಗೈಯಗಲದ ಜಾಗವನ್ನು ಮಾತ್ರ ಏನೂ ಹಚ್ಚದೆ ಹಾಗೇ ಬಿಟ್ಟ. ಯಾಕೆ ಬಿಟ್ಟೆ ಎಂದು ಆಗ ಅವನು ಯೋಚಿಸಲೂ ಇಲ್ಲ. ಪ್ರಯೋಗಾಲಯದಲ್ಲಿ ಹಲಗೆಗೆ ಬಣ್ಣ ಹಚ್ಚುವಾಗ ಹೋಲಿಕೆಗೆಂದು ಒಂದು ಮೂಲೆ ಖಾಲಿ ಬಿಡುವುದು ಅವನ ಕೈಗೆ ಉಸಿರಾಟದಂತೆ ಆಗಿಹೋಗಿತ್ತು.

ಪರೀಕ್ಷೆ ಶುರುವಾಯಿತು. ಮಾವನವರು ಎಡಗಡೆ ನಿಂತರು. ಅತ್ತೆ ಬಲಗಡೆ. ನಡುವೆ ಕಾರು.

"ಚೆನ್ನಾಗಿ ಮಿಂಚುತ್ತಿದೆ," ಎಂದರು ಮಾವನವರು.

"ಎಲ್ಲಿ ಮಿಂಚುತ್ತೆ? ತಣ್ಣಗೆ ಕಪ್ಪಗಿದೆ, ಚೆನ್ನಾಗಿದೆ."

"ಕಪ್ಪಗಿದೆಯಂತೆ. ನನ್ನ ಮುಖ ಕಾಣ್ತಿದೆ ಇದರಲ್ಲಿ."

"ಕಣ್ಣಿಗೆ ಡಾಕ್ಟರು ಹೇಳಿದ್ದು ಸುಮ್ಮನೆ ಅಲ್ಲ."

"ಡಾಕ್ಟರ ಹತ್ರ ನೀನೂ ಒಂದು ಸಲ ಹೋಗು."

ಇಬ್ಬರೂ ಹಟಕ್ಕೆ ಬಿದ್ದು ಇದ್ದಲ್ಲಿಂದಲೇ ಬಗ್ಗಿ ಬಗ್ಗಿ ನೋಡಿದರು. ಕಾರಿನ ಒಂದು ಬದಿಯಲ್ಲಿ ನಿಂತವರಿಗೆ ಇನ್ನೊಂದು ಬದಿಯ ಟೈರು ಕಾಣುವುದಿಲ್ಲ ಎಂಬುದು, ಜೀವಮಾನವೆಲ್ಲ ಬದುವಿನ ಎರಡೂ ಕಡೆ ನಿಂತು ಅಳೆದ ಮಾವನವರಿಗೆ ಹೊಳೆಯಲು ಹೊತ್ತು ಹಿಡಿಯಿತು. ಕೊನೆಗೆ ಸುತ್ತಿಕೊಂಡು ಬಲಗಡೆ ಬಂದರು. ಬಗ್ಗಿದರು.

"ಇದಕ್ಕೆ ಏನು ಹಚ್ಚಿದ್ದೀರಿ?"

"ನೀರಿನ ಪಾಲಿಶ್ ಮಾವ. ಎರಡು ಕೈ."

"ಹಚ್ಚಿದ್ದು ಕಾಣೋದೇ ಇಲ್ಲವಲ್ಲ."

"ಕಾಣಬಾರದು ಮಾವ. ಅದೇ ಅದರ ಗುಣ. ಹಚ್ಚಿದ್ದು ಗೊತ್ತಾಗದೆ ಟೈರು ಮಾತ್ರ ಚೆನ್ನಾಗಿ ಕಾಣಬೇಕು."

"ಹಾಗಾದ್ರೆ ಹಚ್ಚದೆ ಕೂತೋನೂ ಇದೇ ಮಾತು ಹೇಳಬಹುದು," ಎಂದ ಷಡ್ಡಕ ಆಚೆಯಿಂದ.

ಅಷ್ಟರಲ್ಲಿ ಮಾವನವರ ಬೆರಳು ಹಿಂದಿನ ಟೈರಿನ ಬಿಟ್ಟ ಜಾಗದ ಮೇಲೆ ನಿಂತಿತು. "ಇಲ್ಲಿ ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ ಮಾವ, ಬಿಟ್ಟದ್ದು. ಹೋಲಿಕೆಗೆ ಇರಲಿ ಅಂತ." ಹೇಳುತ್ತಿದ್ದಂತೆಯೇ ಅವನಿಗೆ ತಾನು ಮಾಡಿದ್ದು ತಿಳಿಯಿತು. "ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ ಎಷ್ಟು ವ್ಯತ್ಯಾಸ ಅಂತ..."

"ಪರೀಕ್ಷೆಗೆ ಕೂತೋರು ಒಂದು ಉತ್ತರ ಬೇಕಂತಲೇ ತಪ್ಪು ಬರೀತಾರಾ ಅಳಿಯಂದ್ರೇ?"

ಜಗಲಿಯ ಮೇಲೆ ಹೆಂಡತಿಯ ಅಕ್ಕ ನಗು ತಡೆಯಲು ಲೋಟ ಬಾಯಿಗಿಟ್ಟುಕೊಂಡಳು. ಅವನ ಹೆಂಡತಿ ನಗಲಿಲ್ಲ. ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ನೆಲ ನೋಡುತ್ತಿದ್ದಳು. ಇವತ್ತು ರಾತ್ರಿ ಮನೆಯಲ್ಲಿ ಪರವಾಗಿಲ್ಲ ಎಂಬ ಮಾತು ಎಷ್ಟು ಸಲ ಕೇಳಬೇಕಾಗುತ್ತದೋ ಎಂದು ಅವನು ಮನಸ್ಸಿನಲ್ಲೇ ಕುಗ್ಗಿದ. ಒಂದು ಅಂಗೈಯಗಲದ ಶಾಸ್ತ್ರಕ್ಕೆ ಒಂದು ಕಾರು ಹೋಯಿತು.

ಮಾವನವರು ಜೇಬಿನಿಂದ ಕೀಲಿ ತೆಗೆದರು. ಅಳಿಯಂದಿರಿಬ್ಬರೂ ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಓಡುವಾಗ ಹೇಗೆ ಕಾಣುತ್ತೆ ನೋಡೋಣ. ಹಿರಿಯಳಿಯಂದ್ರೇ, ಗೇಟಿನ ತನಕ ತನ್ನಿ."

ಷಡ್ಡಕ ತಲೆ ಬಾಚಿಕೊಂಡು ಒಳಗೆ ಕೂತ. ಅಂಗಳದಿಂದ ಗೇಟಿಗೆ ಒಂದು ಸಣ್ಣ ಏರು, ಸಿಮೆಂಟಿನದು, ತೊಳೆದ ನೀರಿನಿಂದ ಇನ್ನೂ ಒದ್ದೆ. ಮಾವನವರು ಹೊಳಪು ಕಾಣುವಂತೆ ಎಡಗಡೆ ಬಟ್ಟೆ ಒಣಹಾಕಿದ ತಂತಿಯ ಹತ್ತಿರ ನಿಂತರು. ಕಾರು ಏರಿನ ಬುಡಕ್ಕೆ ಬಂತು. ನಿಂತಿತು. ಷಡ್ಡಕ ಆಕ್ಸಿಲರೇಟರ್ ಒತ್ತಿದ. ಇಂಜಿನ್ನು ಗುರುಗುಟ್ಟಿತು, ಎಡ ಮುಂದಿನ ಚಕ್ರ ಬುಗುರಿಯಂತೆ ಸುತ್ತಿತು, ಕಾರು ಮಾತ್ರ ಕಂಬಳಿ ಹೊದ್ದು ಮಲಗಿದವನಂತೆ ಅಲ್ಲಾಡಲಿಲ್ಲ. ಬಲಗಡೆಯ ಚಕ್ರ ಸುಮ್ಮನೆ ನಿಂತು ನೋಡುತ್ತಿತ್ತು. ಒಂದು ಚಕ್ರಕ್ಕೆ ಹಿಡಿತ ತಪ್ಪಿದರೆ ಇಂಜಿನ್ನಿನ ಶ್ರಮವೆಲ್ಲ ಆ ಹಿಡಿತವಿಲ್ಲದ ಚಕ್ರಕ್ಕೇ ಹೋಗಿ ಪೋಲಾಗುತ್ತದೆ. ಎಷ್ಟೋ ಮನೆಗಳಲ್ಲಿಯೂ ಹೀಗೇ.

"ಭಾವ, ಒತ್ತಬೇಡಿ," ಎಂದ ಕಿರಿಯಳಿಯ.

ಷಡ್ಡಕ ಇನ್ನಷ್ಟು ಒತ್ತಿದ. ಟೈರಿನ ಹೊಳಪೆಲ್ಲ ಒಮ್ಮೆಲೇ ಎದ್ದು ಹೊರಟಿತು. ಮೊದಲು ಹಸಿರು ಬಾಗಿಲಿಗೆ, ಆಮೇಲೆ ತಂತಿಯ ಮೇಲಿನ ಅತ್ತೆಯ ಬಿಳಿ ಹಾಸುಬಟ್ಟೆಗೆ, ಉಳಿದದ್ದು ಮಾವನವರ ಬಿಳಿ ಅಂಗಿಗೆ.

ಇಂಜಿನ್ನು ನಿಂತಿತು. ಮಾವನವರು ತಮ್ಮ ಎದೆಯನ್ನೊಮ್ಮೆ ನೋಡಿಕೊಂಡರು, ಕಣ್ಣು ಸರಿಯಿಲ್ಲದ್ದರಿಂದ ಬೆರಳಿನಿಂದ ಮುಟ್ಟಿಯೂ ನೋಡಿದರು.

"ಈಗ ನಾನೂ ಮಿಂಚುತ್ತಿದ್ದೀನಾ?" ಎಂದು ಹೆಂಡತಿಯನ್ನು ಕೇಳಿದರು.

"ಈ ಕಡೆಯಿಂದ ಚೆನ್ನಾಗಿ ಕಾಣ್ತೀರಿ," ಎಂದರು ಅತ್ತೆ.

ಆಗ ಜಗಲಿಯಿಂದ ಲೋಟ ಇಟ್ಟ ಸದ್ದಾಯಿತು. ಕಿರಿಮಗಳು ಇಳಿದು ಬಂದಳು. ಭಾವನಿಗೆ ಇಳಿಯಿರಿ ಎಂದಳು, ಗಂಡನಿಗೆ ಬ್ರಶ್ ಎತ್ತಿಕೊಳ್ಳಿ ಎಂದಳು. ಎಡಗಡೆಯ ಎರಡು ಟೈರಿನ ಪಟ್ಟಿಯನ್ನೂ ಇಬ್ಬರಿಂದಲೂ ಸೋಪಿನಲ್ಲಿ ತಿಕ್ಕಿಸಿದಳು, ಕಾರನ್ನು ಹಿಂದಕ್ಕೆ ತಳ್ಳಿಸಿ ಮಿಕ್ಕಿದ್ದನ್ನೂ ತಿಕ್ಕಿಸಿದಳು. ಏರಿನ ಮೇಲೆ ಒಣಮಣ್ಣು ಎರಚಿದಳು. ದಾರ ಯಾವಾಗಲೋ ಬಿದ್ದು ಒದ್ದೆಯಾಗಿತ್ತು, ಯಾರೂ ಎತ್ತಲಿಲ್ಲ. ಅವಳು ಸೀಟು ಮುಂದಕ್ಕೆ ಎಳೆದುಕೊಂಡು, ಕಿಟಕಿಗೆ ಒಂದು ಗುದ್ದು ಕೊಟ್ಟು ಇಳಿಸಿ, ಕಾರನ್ನು ತೊಟ್ಟಿಲು ತೂಗಿದಷ್ಟು ಮೆಲ್ಲಗೆ ಏರಿಸಿ ಗೇಟಿನ ಹೊರಗೆ ನಿಲ್ಲಿಸಿದಳು.

ಮಾವನವರು ಏರು ಹತ್ತಿ ಗೇಟಿನ ಹತ್ತಿರ ಹೋದರು.

"ಕ್ಲಚ್ಚು ನಾನು ಹೇಳಿಕೊಟ್ಟ ಹಾಗೇ ಬಿಡ್ತೀಯಲ್ಲ ಇನ್ನೂ."

"ಬೇರೆ ಥರ ಬಿಟ್ರೆ ಅದು ಕೇಳಲ್ಲಪ್ಪ."

"ನಿನಗೆ ಬೇಕೇನಮ್ಮ ಇದು?"

ಅವಳು ಅಕ್ಕನ ಕಡೆ ನೋಡಿದಳು. ಸ್ಟೀರಿಂಗ್ ನೋಡಿದಳು. "ಬೇಕು," ಎಂದಳು.

ಮದುವೆಯಾದಂದಿನಿಂದ ಅವಳ ಬಾಯಲ್ಲಿ ಆ ಪದವನ್ನು ಇಷ್ಟು ನೇರವಾಗಿ ಕಿರಿಯಳಿಯ ಕೇಳಿರಲಿಲ್ಲ.

ಮಾವನವರು ಕಷ್ಟಕ್ಕೆ ಬಿದ್ದರು. "ಇವಳಿಗೆ ಕೊಟ್ಟರೆ ದೊಡ್ಡವಳಿಗೆ?"

"ನನಗೆ ಕಾರು ಬೇಡಪ್ಪ, ಓಡಿಸೋಳು ಸಿಕ್ಕಿದ್ರೆ ಸಾಕು," ಎಂದಳು ಹಿರಿಮಗಳು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ಇವರ ಕೈಗೆ ಕೊಟ್ರೆ ರಜಾದಿನವೆಲ್ಲ ಟೈರಿನ ಮುಂದೆ ಕೂತಿರ್ತಾರೆ. ಬೆಳಗ್ಗೆಯಿಂದ ನನ್ನ ಕಡೆ ಒಂದು ಸಲ ತಿರುಗಿ ನೋಡಿದ್ರಾ ಕೇಳಿ."

"ಮೊದಲೇ ಹೇಳಬಾರದಿತ್ತೇನೇ?"

"ನೀವು ಕೇಳಿದ್ದು ಅಳಿಯಂದಿರನ್ನ."

ಕೀಲಿ ಹೇಗೂ ಕಾರಿನಲ್ಲೇ ಇತ್ತು. ಮಾವನವರು ಸುತ್ತಿಕೊಂಡು ಹೋಗಿ, ಅವಳಿಗೆ ಕಲಿಸುವಾಗ ಗುರುವಾಗಿ ಕೂತಿದ್ದ ಚಾಲಕನ ಪಕ್ಕದ ಸೀಟಿನಲ್ಲಿ ಈಗ ಶಿಷ್ಯನಂತೆ ಕೂತರು. ಅಂಗಿ ಬದಲಿಸಿಕೊಂಡು ಬನ್ನಿ ಎಂದು ಅತ್ತೆ ಹೇಳಿದ್ದು ಕಿವಿಗೆ ಬೀಳಲಿಲ್ಲ. ಅತ್ತೆ ಹಿಂದೆ ಕೂತರು, ಪಕ್ಕದಲ್ಲಿ ಹಿರಿಮಗಳು.

"ಆ ಹಾಸುಬಟ್ಟೆ ನೆನೆಹಾಕಿಬಿಡಿ ಅಳಿಯಂದ್ರೇ," ಎಂದು ಕಿಟಕಿಯಿಂದ ಅತ್ತೆಯ ದನಿ ಕೇಳಿಸಿತು. ಯಾವ ಅಳಿಯನಿಗೆ ಎಂದು ಹೇಳುವಷ್ಟರಲ್ಲಿ ಕಾರು ಹೊರಟಿತ್ತು.

ಷಡ್ಡಕರಿಬ್ಬರೂ ಗೇಟಿನಲ್ಲಿ ನಿಂತು ನೋಡಿದರು. ಖಾಲಿ ರಸ್ತೆಯ ತಿರುವಿನಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಿದ್ದರೂ, ಕಾರಿನ ಇಂಡಿಕೇಟರ್ ದೀಪ ಮಿಣಮಿಣ ಎಂದಿತು. ಕಿರಿಯಳಿಯ ತನಗೇ ಗೊತ್ತಾಗದಂತೆ ನಗುತ್ತಿದ್ದ. ಬ್ರಶ್ಶಿನಿಂದ ಕಂದು ನೀರು ಅವನ ಪ್ಯಾಂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗ ಇತ್ತಲ್ಲಪ್ಪಾ," ಎಂದ ಷಡ್ಡಕ.

"ಇತ್ತು ಭಾವ."

"ಮತ್ತೆ ಕರೀಲೇ ಇಲ್ಲ?"

"ಒಬ್ಬರನ್ನ ಕರೆದ್ರೆ ಇನ್ನೊಬ್ಬರಿಗೆ ಕಮ್ಮಿಯಾಗುತ್ತೆ ಅಂತ ಬಿಟ್ಟಿರಬೇಕು."

ಷಡ್ಡಕ ಅದು ನ್ಯಾಯವೇ ಎಂದು ಒಪ್ಪಿಕೊಂಡ. ಇಬ್ಬರೂ ಬಕೆಟ್ ಹುಡುಕಲು ಒಳಗೆ ಹೋದರು.